ಹೆಸರಿಗೆ ಎಷ್ಟು ಖಾನೆ?

ಮಹಾರಾಷ್ಟ್ರದಲ್ಲಿ ಯಾವ ಅರ್ಜಿ ಕೈಗೆತ್ತಿಕೊಂಡರೂ ಸಾಮಾನ್ಯವಾಗಿ ಹೆಸರಿಗೆ ಮೂರು ಖಾನೆ ಇರುತ್ತವೆ. ಮೊದಲನೆಯದು ಸ್ವಂತ ಹೆಸರು, ಎರಡನೆಯದು ತಂದೆಯದೋ ಗಂಡನದೋ, ಮೂರನೆಯದು ಆಡನಾವ. ಮರಾಠಿಗರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಗ್ಯಾಸ್ ಸಂಪರ್ಕದಿಂದ ಹಿಡಿದು ಶಾಲೆಯ ದಾಖಲಾತಿಯವರೆಗೆ ಅವರ ಹೆಸರು ಆ ಮೂರು ಖಾನೆಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರದವರಿಗೂ ಬಹುಮಟ್ಟಿಗೆ ತೊಂದರೆ ಇಲ್ಲ. ಅಲ್ಲಿ ಅಡ್ಡಹೆಸರು ಎಂದರೆ ಮನೆತನದ ಹೆಸರೇ. ತೊಂದರೆ ಇರುವುದು ಹಾಸನ, ತುಮಕೂರು, ಮೈಸೂರು ಕಡೆಯಿಂದ ಬಂದ ನಮ್ಮಂಥವರಿಗೆ. ನಮ್ಮಲ್ಲಿ ಅಡ್ಡಹೆಸರು ಎಂದರೆ ಗೆಳೆಯರು ಕಾಲೆಳೆಯಲು ಇಟ್ಟ ಹೆಸರು. ಅದನ್ನು ಆಸ್ಪತ್ರೆಯ ಕೌಂಟರಿನಲ್ಲಿ ಹೇಳುವಂತಿಲ್ಲ.

ದೊಡ್ಡವರ ಹೆಸರಿನಿಂದಲೇ ಉದಾಹರಣೆ ಕೊಡುತ್ತೇನೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪಾಠ ಮಾಡಿದ ಅಜ್ಜನ ಹೆಸರನ್ನು ಇಲ್ಲಿನ ಯಾವ ಗುಮಾಸ್ತನೂ ಒಂದೇ ಉಸಿರಿಗೆ ಬರೆದುಕೊಂಡಿರುತ್ತಾನೆ. ಈಗ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರನ್ನು ಅದೇ ಮೂರು ಖಾನೆಗಳಿಗೆ ಹಾಕಿ ನೋಡಿ. ಸ್ವಂತ ಹೆಸರಿನ ಜಾಗದಲ್ಲಿ ಊರು ಬಂದು ಕೂರುತ್ತದೆ, ಮನೆತನದ ಜಾಗದಲ್ಲಿ ಸ್ವತಃ ಕವಿ. ಕಂಪ್ಯೂಟರ್ ಅವರಿಗೆ ಪತ್ರ ಬರೆದರೆ 'ಡಿಯರ್ ಕುಪ್ಪಳಿ' ಎಂದೇ ಶುರು ಮಾಡುತ್ತದೆ. ನನಗೂ ಈ ಊರಿನಲ್ಲಿ ಹನ್ನೊಂದು ವರ್ಷದಿಂದ ಬ್ಯಾಂಕು, ಜಿಮ್ಮು, ವಿಮೆಯವರಿಂದ 'ಡಿಯರ್ ಅರಸೀಕೆರೆ' ಎಂದು ಸಂದೇಶ ಬರುತ್ತಿದೆ. ನಮ್ಮೂರಿಗೆ ಬಂದ ಹುಟ್ಟುಹಬ್ಬದ ಶುಭಾಶಯಗಳನ್ನೆಲ್ಲ ನಾನೇ ಸ್ವೀಕರಿಸುತ್ತಿದ್ದೇನೆ.

ನಗಿಸುವ ವಿಷಯವೇ ಸರಿ. ಆದರೆ ನನ್ನ ಕೆಲಸ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ರೋಗಿಯ ಹೆಸರು, ವಯಸ್ಸು, ವಿಳಾಸ ತುಂಬುವ ಸ್ಕ್ರೀನುಗಳನ್ನು, ಅವಕ್ಕೆ ಹೋಗುವ ಮೆನುಗಳನ್ನು ವಿನ್ಯಾಸ ಮಾಡುವುದು ನನ್ನ ಪಾಲಿಗೆ ಬಂದಿದೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಅಂಥ ಮರ್ಯಾದೆಯೇನೂ ಇಲ್ಲ. ಎಂ.ಟೆಕ್‌ನಲ್ಲಿ ಅಲ್ಗಾರಿದಂ ಓದಿದೆವು, ಡೇಟಾಬೇಸನ್ನು ಹೇಗೆ ಒಡೆದು ಜೋಡಿಸಬೇಕೆಂದು ಓದಿದೆವು. ಟೈಪ್ ಮಾಡುವವರ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂರುವುದು ಸಿಲೆಬಸ್‌ನಲ್ಲಿ ಇರಲಿಲ್ಲ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪಾಠ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಆವೃತ್ತಿ ಶುರು ಮಾಡುವ ಮುನ್ನ ಇಲ್ಲಿನ ಒಂದು ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಒಂದು ವಾರ ಹಾಗೆ ಕೂತೆ. ಬೆಳಿಗ್ಗೆ ಒಂಬತ್ತಕ್ಕೆ ಸಾಲು ಬಾಗಿಲಾಚೆಗೆ ಹೋಗಿರುತ್ತದೆ. ಅಲ್ಲಿನ ಆಪರೇಟರ್ ಐವತ್ತರ ಆಸುಪಾಸಿನ ಮರಾಠಿ ಹೆಂಗಸು. ಆಕೆ ಸ್ಕ್ರೀನ್ ನೋಡುವುದೇ ಅಪರೂಪ. ಕಣ್ಣು ರೋಗಿಯ ಮೇಲೆ ಇಲ್ಲವೇ ಅವರು ಚಾಚಿದ ಕಾಗದದ ಮೇಲೆ, ಬೆರಳು ಕೀಬೋರ್ಡಿನ ಮೇಲೆ. ಮೊದಲ ದಿನವೇ ನನಗೆ ಹೇಳಿದ್ದು ಒಂದೇ ಮಾತು: "ಸರ್, ಮೌಸ್ ನಕೋ." ಮೌಸ್ ಬೇಡ.

ಅವರ ಕೈಯಲ್ಲಿದ್ದ ಹಳೆಯ ತಂತ್ರಾಂಶ ನಾನು ಕಂಪನಿ ಸೇರುವ ಎಷ್ಟೋ ಮೊದಲು ವಿಷುವಲ್ ಬೇಸಿಕ್‌ನಲ್ಲಿ ಬರೆದದ್ದು. ಅದರಲ್ಲಿ ಖಾನೆಗಳನ್ನು ಪರದೆಯ ಮೇಲೆ ಎಳೆದು ಇಟ್ಟರೆ ಆಯಿತು, ಸ್ಕ್ರೀನ್ ಸಿದ್ಧ. ಆದರೆ ಟ್ಯಾಬ್ ಒತ್ತಿದಾಗ ಕರ್ಸರ್ ಯಾವ ಖಾನೆಗೆ ಹೋಗಬೇಕೆಂಬುದನ್ನು ನಾವಾಗಿ ಬದಲಿಸದಿದ್ದರೆ, ಖಾನೆಗಳನ್ನು ಇಟ್ಟ ಕ್ರಮದಲ್ಲೇ ಅದು ಓಡುತ್ತದೆ. ಮೊಬೈಲ್ ಸಂಖ್ಯೆಯ ಖಾನೆಯನ್ನು ಯಾರೋ ವರ್ಷಗಳ ನಂತರ ಮೇಲೆ, ಹೆಸರಿನ ಪಕ್ಕ ಸೇರಿಸಿದ್ದರು. ಹಾಗಾಗಿ ವಿಳಾಸ, ಪಿನ್ ಕೋಡ್ ಎಲ್ಲ ಮುಗಿದ ಮೇಲೆ ಕರ್ಸರ್ ಮತ್ತೆ ಮೇಲಕ್ಕೆ ಹಾರುತ್ತಿತ್ತು. ಆಕೆ ಅದಕ್ಕೆ ಎಷ್ಟು ಹೊಂದಿಕೊಂಡಿದ್ದರೆಂದರೆ, ರೋಗಿ ಮೊದಲೇ ಮೊಬೈಲ್ ಸಂಖ್ಯೆ ಹೇಳಿದರೆ "ಥಾಂಬಾ, ಥಾಂಬಾ" ಎಂದು ತಡೆಯುತ್ತಿದ್ದರು. ಮನುಷ್ಯರ ಮಾತಿನ ಕ್ರಮವನ್ನು ಯಂತ್ರ ತಿದ್ದುತ್ತಿತ್ತು!

ಇನ್ನೊಂದು ಎಂಟರ್ ಕೀಲಿಯ ಪ್ರಶ್ನೆ. ಫಾಕ್ಸ್‌ಪ್ರೋ, ಟ್ಯಾಲಿ ಕಾಲದವರಿಗೆ ಎಂಟರ್ ಎಂದರೆ ಮುಂದಿನ ಖಾನೆ. ಬ್ರೌಸರಿನ ಅರ್ಜಿಯಲ್ಲಿ ಎಂಟರ್ ಎಂದರೆ ಸಾಮಾನ್ಯವಾಗಿ 'ಸಲ್ಲಿಸು'. ಹಳೆಯ ತಂತ್ರಾಂಶವನ್ನು ಬ್ರೌಸರಿಗೆ ತಂದ ಕಡೆಯೆಲ್ಲ ಮೊದಲ ತಿಂಗಳು ಅರ್ಧ ತುಂಬಿದ ಅರ್ಜಿಗಳ ಸುರಿಮಳೆಯಾಗುವುದು ಇದರಿಂದಲೇ. ಹುಟ್ಟಿದ ದಿನಾಂಕಕ್ಕೆ ಬಣ್ಣದ ಕ್ಯಾಲೆಂಡರ್ ಇಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ತಿಂಗಳಿಗೊಂದು ಕ್ಲಿಕ್ಕಿನಂತೆ ಹಿಂದೆ ಹೋಗುವ ಕ್ಯಾಲೆಂಡರಿನಲ್ಲಿ ಎಪ್ಪತ್ತು ವರ್ಷದ ಅಜ್ಜಿಯ ಜನ್ಮದಿನ ಮುಟ್ಟಲು 840 ಕ್ಲಿಕ್ ಬೇಕು.

ಈ ವಿಷಯದಲ್ಲಿ ನನಗೆ ಟ್ಯಾಲಿಯ ಮೇಲೆ ಗೌರವ. ನಮ್ಮ ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ತಂತ್ರಾಂಶ. ನೋಡಲು ಚೆಂದವೇನಲ್ಲ. ಆದರೆ ಪುಣೆಯ ಲಕ್ಷ್ಮಿ ರಸ್ತೆಯ ಅಂಗಡಿಗಳ ಲೆಕ್ಕದವರು ಅದರಲ್ಲಿ ಬಿಲ್ ಹಾಕುವುದನ್ನು ನೋಡಬೇಕು. ಎಫ್5 ಪಾವತಿ, ಎಫ್6 ರಸೀದಿ, ಎಫ್8 ಮಾರಾಟ, ಎಫ್9 ಖರೀದಿ. ಮೆನುವಿನ ಪ್ರತಿ ಸಾಲಿನಲ್ಲೂ ಒಂದು ಅಕ್ಷರ ಎದ್ದು ಕಾಣುತ್ತದೆ, ಅದನ್ನು ಒತ್ತಿದರೆ ಒಳಗೆ ಹೋದಂತೆ. ಕಂಟ್ರೋಲ್ ಮತ್ತು ಎ ಒತ್ತಿದರೆ ಒಪ್ಪಿಗೆ. ಮೌಸ್ ಕೆಟ್ಟುಹೋದರೂ ಅಂಗಡಿ ನಿಲ್ಲುವುದಿಲ್ಲ.

ಮೆನು ಎಂದರೆ ಅಡುಗೆಮನೆಯ ಒಗ್ಗರಣೆ ಡಬ್ಬಿ ಇದ್ದಂತೆ. ಅಮ್ಮ ಎಣ್ಣೆಯ ಕಡೆ ನೋಡುತ್ತಲೇ ಸಾಸಿವೆಗೆ ಕೈ ಹಾಕುತ್ತಾಳೆ. ಹೆಚ್ಚು ಬಳಸುವುದು ಮುಂದಿರಲಿ ಎಂದು ಯಾರಾದರೂ ದಿನಾ ಬಟ್ಟಲುಗಳ ಜಾಗ ಬದಲಿಸಿದರೆ ಒಗ್ಗರಣೆ ಸೀದಂತೆಯೇ. ಮೈಕ್ರೋಸಾಫ್ಟ್ ಹೆಚ್ಚುಕಡಿಮೆ ಅದನ್ನೇ ಮಾಡಿ ನೋಡಿತ್ತು. ಆಫೀಸ್ 2000ದಲ್ಲಿ, ನೀವು ಹೆಚ್ಚು ಬಳಸದ ಆಯ್ಕೆಗಳನ್ನು ಮೆನುವಿನಿಂದ ತಾನಾಗಿ ಮರೆಮಾಡುವ ಏರ್ಪಾಡು ಇತ್ತು. ನಿನ್ನೆ ಇದ್ದದ್ದು ಇವತ್ತು ಕಾಣದೆ ಜನ ತಡಕಾಡಿದರು. ಮುಂದೆ ಆಫೀಸ್ 2007ರಲ್ಲಿ ರಿಬ್ಬನ್ ಬಂದು ಆ ಏರ್ಪಾಡು ಮರೆಯಾಯಿತು. ಹೊಸ ಆವೃತ್ತಿಯಲ್ಲೂ ಕೌಂಟರಿನವರು ದಿನಾ ಒತ್ತುವ ಆರು ಆಯ್ಕೆಗಳನ್ನು ಹಳೆಯ ಜಾಗದಲ್ಲೇ, ಹಳೆಯ ಕೀಲಿಗಳಲ್ಲೇ ಉಳಿಸಿದ್ದೇವೆ. ತಿಂಗಳಿಗೊಮ್ಮೆ ಬೇಕಾಗುವ ವರದಿಗಳೆಲ್ಲ ಒಳಗಿನ ಒಂದು ಮೆನುವಿಗೆ ಹೋದವು. ವಿಳಾಸದಲ್ಲಿ ಪಿನ್ ಕೋಡನ್ನು ಮೊದಲು ಕೇಳುತ್ತೇವೆ. ಆರು ಅಂಕಿ ಒತ್ತಿದರೆ ಜಿಲ್ಲೆ, ರಾಜ್ಯ ತಾನಾಗಿ ಬರುತ್ತವೆ. ತಪ್ಪಿದ್ದರೆ ತಿದ್ದಬಹುದು.

ಇನ್ನು ಕೆಂಪು ನಕ್ಷತ್ರದ ಕಥೆ. ಖಾನೆಯ ಪಕ್ಕ ನಕ್ಷತ್ರ ಇದ್ದರೆ ಅದು ಕಡ್ಡಾಯ, ತುಂಬದೆ ಮುಂದೆ ಬಿಡುವುದಿಲ್ಲ. ಆ ವಾರ ಸಂಜೆ ಹೊತ್ತು ಹಳೆಯ ದಾಖಲೆಗಳನ್ನು ಸೋಸಿ ನೋಡಿದೆ. ಆಡನಾವದ ಜಾಗದಲ್ಲಿ ಬರೀ ಚುಕ್ಕೆ ಇದ್ದವರು ಅನೇಕರು. ಮೊಬೈಲ್ ಸಂಖ್ಯೆಯ ಜಾಗದಲ್ಲಿ ಹತ್ತು ಒಂಬತ್ತುಗಳು. ಜನವರಿ 1ರಂದು ಹುಟ್ಟಿದ ವೃದ್ಧರ ದೊಡ್ಡ ದಂಡು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಹಾಗೆಯೇ ಇದು. ಆಪರೇಟರ್ ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಸಾಲು ಬೆಳೆಯುತ್ತಿದೆ, ಅಜ್ಜನಿಗೆ ತಾರೀಖು ಗೊತ್ತಿಲ್ಲ, ಯಂತ್ರ ಬಿಡುತ್ತಿಲ್ಲ. ಆಧಾರ್‌ನಲ್ಲಿ ಹುಟ್ಟಿದ ದಿನ ಗೊತ್ತಿಲ್ಲದವರ ವಯಸ್ಸನ್ನು ಅಂದಾಜು ಎಂದೇ ಗುರುತಿಸಿ ದಾಖಲಿಸಲು ಅವಕಾಶವಿದೆ. ನಾವೂ ಈಗ ದಿನಾಂಕ ಅಥವಾ ವಯಸ್ಸು, ಯಾವುದಾದರೂ ಒಂದನ್ನು ಕೇಳುತ್ತೇವೆ, ಯಾವುದನ್ನು ಕೇಳಿ ಬರೆದದ್ದು ಎಂಬುದನ್ನೂ ಇಟ್ಟುಕೊಳ್ಳುತ್ತೇವೆ.

ಅಂಕಿಗಳಾದರೆ ಯಂತ್ರ ಕಾಯುತ್ತದೆ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ವೆರ್‌ಹೂಫ್ ಎಂಬ ಡಚ್ ಗಣಿತಜ್ಞ ಕೊಟ್ಟ ಸೂತ್ರದಿಂದ ಬಂದ ತಪಾಸಣೆ ಅಂಕಿ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಖಾನೆ ದಾಟುವ ಮೊದಲೇ ಹೇಳಿಬಿಡಬಹುದು. ಹೆಸರಿಗೆ ಅಂಥ ಕಾವಲು ಇಲ್ಲ. ಅದರ ಪರಿಣಾಮವನ್ನು ಆ ವಾರದ ಗುರುವಾರ ಕಣ್ಣಾರೆ ಕಂಡೆ.

ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರೊಬ್ಬರು, ಕಾಲಿಗೆ ಕಬ್ಬಿಣ ಚುಚ್ಚಿ ಕೀವಾಗಿತ್ತು. ಜೊತೆಗೆ ಹೆಂಡತಿ. ಮೊದಲು ಬಂದಿದ್ದೀರಾ ಎಂದರೆ ಬಂದಿದ್ದೇನೆ ಎನ್ನುತ್ತಾರೆ, ಹೆಸರು ಹಾಕಿ ಹುಡುಕಿದರೆ ಸಿಗುತ್ತಿಲ್ಲ. ಹಿಂದೆ ಕೊಟ್ಟಿದ್ದ ಮೊಬೈಲ್ ಮುಕಾದಮನದು, ಅವನು ಬಿಟ್ಟುಹೋಗಿ ಕಾಲವಾಗಿತ್ತು. ಆಪರೇಟರ್ ಹೊಸ ಫೈಲ್ ತೆರೆದರು, ಇನ್ನೇನು ಒಳಗೆ ಕಳಿಸಬೇಕು. ಅಷ್ಟರಲ್ಲಿ ಆಕೆ ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಮಡಿಕೆಯ ಹಳೆಯ ರಸೀದಿ ತೆಗೆದಳು. ಅದರ ಸಂಖ್ಯೆ ಹಾಕಿದರೆ ಹಳೆಯ ಫೈಲ್ ತೆರೆಯಿತು. ಮೇಲ್ಗಡೆ ಕೆಂಪಕ್ಷರದಲ್ಲಿ ಒಂದು ಸಾಲು: ಪೆನಿಸಿಲಿನ್ ಒಗ್ಗುವುದಿಲ್ಲ. ಅದು ಅವರಿಗೂ ನೆನಪಿರಲಿಲ್ಲ. ಒಮ್ಮೆ ಸೂಜಿ ಹಾಕಿದ ಮೇಲೆ ಮೈಯೆಲ್ಲ ದದ್ದು ಎದ್ದಿತ್ತು, ಅಷ್ಟೇ ಗೊತ್ತು.

ಹೆಸರು ಎರಡು ರೀತಿ ಯಾಕಾಯಿತೆಂದು ಕನ್ನಡದಲ್ಲಿ ಕೇಳಿದೆ. ಕನ್ನಡ ಕೇಳಿದ್ದೇ ಅವರ ಮುಖ ಅರಳಿತು. "ಹಿಂದಕ ಬಂದಾಗ ಅಡ್ಡಹೆಸರು ಏನಂತ ಕೇಳಿದ್ರು, ಅಪ್ಪನ ಹೆಸರು ಹೇಳಿದ್ದೆ. ಈ ಸಲ ಊರ ಹೆಸರು ಹೇಳೀನ್ರೀ ಸರ. ಎರಡೂ ಖರೇನ ಅದಾವಲ್ರೀ?" ಅವರ ಮಾತಿನಲ್ಲಿ ತಪ್ಪು ಹುಡುಕಿ ನೋಡಿ, ಸಿಗುವುದಿಲ್ಲ.

ಈ ಘಟನೆಯನ್ನು ನಮ್ಮ ತಂಡದ ಸಭೆಯಲ್ಲಿ ಹೇಳಿದಾಗ ಎಲ್ಲರೂ ತಕ್ಷಣ ಒಪ್ಪಿದರು ಎಂದುಕೊಳ್ಳಬೇಡಿ. ನಮ್ಮ ಮ್ಯಾನೇಜರ್ ನಾಗಪುರದವರು, ಒಳ್ಳೆಯ ಮನುಷ್ಯ. ಆಡನಾವ ಇಲ್ಲದೆ ವರದಿಗಳನ್ನು ಅಕಾರಾದಿಯಾಗಿ ಹೇಗೆ ಜೋಡಿಸುವುದು ಎಂದು ಕೇಳಿದರು. ಚೆನ್ನೈನಿಂದ ಬಂದ ಹುಡುಗಿಯೊಬ್ಬಳು ತನ್ನ ಇನಿಷಿಯಲ್ ಕಥೆ ಹೇಳಿದ ಮೇಲೆ ಮಾತು ಸ್ವಲ್ಪ ಸಡಿಲವಾಯಿತು. ಪ್ಯಾನ್ ಕಾರ್ಡ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅದರ ಐದನೆಯ ಅಕ್ಷರವೇ ಕೊನೆಯ ಹೆಸರಿನ ಮೊದಲಕ್ಷರ. ಆಧಾರ್‌ನಲ್ಲಿ ಇಡೀ ಹೆಸರಿಗೆ ಒಂದೇ ಖಾನೆ. ಎರಡನ್ನೂ ಜೋಡಿಸಲು ಹೊರಟ ದಕ್ಷಿಣದವರ ಪಾಡು ನಿಮಗೆ ಗೊತ್ತೇ ಇದೆ. ಇಲ್ಲೇ ಮಕ್ಕಳಾದ ನನ್ನ ಎಷ್ಟೋ ಗೆಳೆಯರು ಜನನ ಪ್ರಮಾಣಪತ್ರದಲ್ಲೇ ಊರನ್ನೋ ಅಪ್ಪನ ಹೆಸರನ್ನೋ ಆಡನಾವ ಮಾಡಿಬಿಟ್ಟಿದ್ದಾರೆ. ಒಂದು ಖಾನೆ ಒಂದು ಮನೆತನಕ್ಕೇ ಹೆಸರಿಟ್ಟಂತಾಯಿತು.

ಕೊನೆಗೆ ನಿಂತದ್ದು ಹೀಗೆ. ಹೆಸರಿಗೆ ಒಂದೇ ಉದ್ದ ಖಾನೆ, ಗುರುತಿನ ಚೀಟಿಯಲ್ಲಿ ಇದ್ದಂತೆ. ಪಕ್ಕದಲ್ಲಿ 'ಏನೆಂದು ಕರೆಯಬೇಕು' ಎಂಬ ಸಣ್ಣ ಖಾನೆ. ಆಡನಾವ ಇದ್ದವರಿಗೆ ಮೂರನೆಯದು, ನಕ್ಷತ್ರ ಇಲ್ಲದ್ದು. ಹೊಸ ಫೈಲ್ ತೆರೆಯುವ ಮುನ್ನ ಯಂತ್ರವೇ ಹೆಸರಿನ ಪದಗಳನ್ನು ಬಿಡಿಸಿ, ಹಿಂದುಮುಂದಾಗಿದ್ದರೂ ಹುಡುಕಿ, ಸಮೀಪದವರನ್ನು ವಯಸ್ಸು, ಊರು ಸಮೇತ ತೋರಿಸಿ 'ಇವರೇನಾ?' ಎಂದು ಕೇಳುತ್ತದೆ. ಬಾಣದ ಕೀಲಿ, ಎಂಟರ್. ಮೌಸ್ ಬೇಡ.

ಈ ಹುಡುಕಾಟದಲ್ಲೂ ಒಂದು ತಮಾಷೆ ಇದೆ. ಉಚ್ಚಾರಣೆಯಿಂದ ಹೆಸರು ಹುಡುಕಲು ಸೌಂಡೆಕ್ಸ್ ಎಂಬ ವಿಧಾನ ಅನೇಕ ಡೇಟಾಬೇಸ್‌ಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಆದದ್ದು. ಅದಕ್ಕೆ ನಮ್ಮ ಬಸವರಾಜನನ್ನು ಕೊಟ್ಟು ನೋಡಿ. 'ವ' ಬರೆಯಲು ಕೆಲವರು ಇಂಗ್ಲಿಷಿನ ವಿ ಬಳಸುತ್ತಾರೆ, ಉತ್ತರ ಕರ್ನಾಟಕದಲ್ಲಿ ಅನೇಕರು ಡಬ್ಲ್ಯೂ ಬಳಸುತ್ತಾರೆ. ಸೌಂಡೆಕ್ಸ್ ಮೊದಲನೆಯವನಿಗೆ ಬಿ216 ಎಂಬ ಗುರುತು ಕೊಡುತ್ತದೆ, ಎರಡನೆಯವನಿಗೆ ಬಿ262. ಒಬ್ಬನೇ ಬಸವರಾಜ ಇಬ್ಬರಾದ. ಹಾಗಾಗಿ ಅದನ್ನು ಬಿಟ್ಟು ವಿ ಮತ್ತು ಡಬ್ಲ್ಯೂ ಒಂದೇ, ಕೊನೆಯ ಎ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂಬಂಥ ನಮ್ಮದೇ ಸಣ್ಣ ನಿಯಮಗಳನ್ನು ಬರೆದೆವು. ಈ ಪಟ್ಟಿಗೆ ಸಾಲು ಸೇರಿಸುವುದರಲ್ಲಿ ತಂಡದಲ್ಲಿ ನನ್ನದೇ ಮೇಲುಗೈ. ಕನ್ನಡ ಬರುವುದು ಆಫೀಸಿನಲ್ಲಿ ಹೀಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಎಲ್ಲ ಮುಗಿದಿಲ್ಲ. ಪ್ರಯೋಗಾಲಯಕ್ಕೆ ಮಾಹಿತಿ ಕಳಿಸುವ ಎಚ್.ಎಲ್.7 ಎಂಬ ಪದ್ಧತಿಯಲ್ಲಿ ಹೆಸರಿನ ಮೊದಲ ಭಾಗವೇ ಮನೆತನದ್ದು. ಆಡನಾವ ಇಲ್ಲದವರ ಇಡೀ ಹೆಸರನ್ನು ಅಲ್ಲಿಗೇ ತುಂಬಿ ಕಳಿಸುತ್ತಿದ್ದೇವೆ, ಸದ್ಯಕ್ಕೆ ನಡೆಯುತ್ತಿದೆ. ಅದಕ್ಕಿಂತ ತಲೆನೋವು ರಕ್ತದ ಸೀಸೆಗೆ ಅಂಟಿಸುವ ಚೀಟಿ. ಅದರ ಅಗಲ ಕಡಿಮೆ, ಉದ್ದ ಹೆಸರಿನ ಕೊನೆ ಕತ್ತರಿಸಿಹೋಗುತ್ತದೆ. ಮರಾಠಿ ಹೆಸರಾದರೆ ಹೋಗುವುದು ಆಡನಾವದ ಬಾಲ, ಮನುಷ್ಯ ಉಳಿಯುತ್ತಾನೆ. ನಮ್ಮಲ್ಲಿ ಊರು, ಅಪ್ಪ ಇಬ್ಬರೂ ಪೂರ್ತಿ ಉಳಿದು, ರಕ್ತ ಕೊಟ್ಟವನೇ ಮಾಯವಾಗುತ್ತಾನೆ. ಮುಂದಿನ ತಿಂಗಳ ಆವೃತ್ತಿಯಲ್ಲಿ ಕರೆಯುವ ಹೆಸರನ್ನು ಮೇಲೆ ದಪ್ಪಕ್ಷರದಲ್ಲಿ, ಪೂರ್ತಿ ಹೆಸರನ್ನು ಕೆಳಗೆ ಎರಡು ಸಾಲಿನಲ್ಲಿ ಮುದ್ರಿಸುವುದೆಂದು ತೀರ್ಮಾನವಾಗಿದೆ. ಚೀಟಿಯ ಸುರುಳಿ ಬದಲಿಸಬೇಕಾಗುತ್ತದೆಯೇ ಎಂದು ಆಸ್ಪತ್ರೆಯವರು ಕೇಳಿದ್ದಾರೆ. ಸೋಮವಾರ ಅಳತೆಪಟ್ಟಿ ಹಿಡಿದು ಹೋಗುತ್ತಿದ್ದೇನೆ.