ಸರ್ಟಿಫಿಕೇಟ್ ದೊಡ್ಡದೋ, ಮಾಡಿ ತೋರಿಸಿದ ಕೆಲಸ ದೊಡ್ಡದೋ?

ಕಾಸರಗೋಡು: ಪ್ಲಸ್ ಟು ಮುಗಿಯಿತು, ಡಿಗ್ರಿಯೂ ಆಯಿತು. ಇನ್ನು 'ವೆಬ್ ಡಿಸೈನ್ ಕಲಿಯುತ್ತೇನೆ' ಅನ್ನುತ್ತಾನೆ ಮಗ. ಮಂಗಳೂರಿಗೋ ಕಣ್ಣೂರಿಗೋ ರೈಲಿನಲ್ಲಿ ಹೋಗಿಬಂದು ಕೋರ್ಸ್ ಮಾಡಬೇಕು. ಅಡಿಕೆ ಮಾರಿದ ದುಡ್ಡೋ, ಅಮ್ಮನ ಬಳೆ ಅಡವಿಟ್ಟ ದುಡ್ಡೋ, ಫೀಸು ಕಟ್ಟಿದ ಮೇಲೆ ಕೈಗೆ ಬರುವುದು ಒಂದು ಸರ್ಟಿಫಿಕೇಟ್. ಅದನ್ನು ಹಿಡಿದುಕೊಂಡು ಹೋದರೆ ಕೆಲಸ ಸಿಕ್ಕೀತೇ? ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮನೆಗಳಲ್ಲಿ ಫೀಸಿನ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆ ಇದು.

ಕಾಗದ ಎಲ್ಲಿ ಬೇಕು?

ಸರಕಾರಿ ಕೆಲಸಕ್ಕಾದರೆ ಕಾಗದ ಬೇಕೇ ಬೇಕು. ಅಧಿಸೂಚನೆಯಲ್ಲಿ ಹೇಳಿದ ಅರ್ಹತಾ ಪತ್ರ ಇಲ್ಲದಿದ್ದರೆ ಎಂಥ ಜಾಣನ ಅರ್ಜಿಯೂ ನಿಲ್ಲುವುದಿಲ್ಲ. ಅಲ್ಲಿಯೂ ಮಾನ್ಯತೆ ಇರುವ ಸಂಸ್ಥೆಯ ಪತ್ರವೇ ಆಗಬೇಕು. ನೂರಾರು ಅರ್ಜಿ ಬರುವ ದೊಡ್ಡ ಕಂಪೆನಿಗಳಲ್ಲಿಯೂ ಮೊದಲ ಜರಡಿಗೆ ಡಿಗ್ರಿ, ಕೋರ್ಸ್ ನೋಡುವುದುಂಟು.

ಆದರೆ ವೈದ್ಯರಿಗೆ, ವಕೀಲರಿಗೆ ಇರುವಂತೆ ವೆಬ್ ಡಿಸೈನರ್‌ಗಳಿಗೆ ಪರಿಷತ್ತೂ ಇಲ್ಲ, ನೋಂದಣಿಯೂ ಇಲ್ಲ. ಇಂಥ ಸರ್ಟಿಫಿಕೇಟ್ ಇದ್ದವರು ಮಾತ್ರ ವೆಬ್‌ಸೈಟ್ ಮಾಡಬೇಕೆಂಬ ಕಾನೂನೂ ಇಲ್ಲ. ನಾಲ್ಕಾರು ಜನ ಕೂತು ಕೆಲಸ ಮಾಡುವ ಸಣ್ಣ ಆಫೀಸುಗಳಲ್ಲಂತೂ ಕೇಳುವುದು ಒಂದೇ ಮಾತು: 'ನೀನು ಮಾಡಿದ್ದು ಏನಾದರೂ ಇದ್ದರೆ ತೋರಿಸು.'

ಮಾಡಿದ ಕೆಲಸದ ಕಟ್ಟು

ಹೀಗೆ ತೋರಿಸಲು ಇಟ್ಟುಕೊಂಡ ಕೆಲಸಗಳ ಕಟ್ಟೇ ಪೋರ್ಟ್‌ಫೋಲಿಯೊ. ಮೂರೋ ನಾಲ್ಕೋ ಪುಟಗಳಿದ್ದರೂ ಸಾಕು, ಅವು ಸ್ವಂತದ್ದಾಗಿರಬೇಕು. ಕೋರ್ಸಿನಲ್ಲಿ ಎಲ್ಲರಿಗೂ ಮಾಡಿಸಿದ ಒಂದೇ ನಮೂನೆಯ ಪುಟ ತೋರಿಸಿದರೆ ನೋಡುವವರಿಗೆ ಗೊತ್ತಾಗದೆ ಇರುವುದಿಲ್ಲ. ಈಗ ಎಐಗೆ ಹೇಳಿದರೂ ಪುಟ ತಯಾರಾಗುತ್ತದೆ. ಆದ್ದರಿಂದ ಸಂದರ್ಶನದಲ್ಲಿ 'ಈ ಮೆನು ಮೊಬೈಲಿನಲ್ಲಿ ಹೇಗೆ ಮಡಚುತ್ತದೆ? ಇಲ್ಲೇ ಬದಲಿಸಿ ತೋರಿಸು' ಎಂದರೆ ಕೈ ಓಡಬೇಕು.

ಇದಕ್ಕೆ ಹೆಚ್ಚು ಖರ್ಚೂ ಇಲ್ಲ. ಫ್ರೀಕೋಡ್‌ಕ್ಯಾಂಪ್‌ನಂಥ ತಾಣದಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್ ಪಾಠ ಉಚಿತ, ಸರ್ಟಿಫಿಕೇಟೂ ಉಚಿತ. ಮಾಡಿದ ಪುಟವನ್ನು ಗಿಟ್‌ಹಬ್ ಪೇಜಸ್‌ನಲ್ಲಿ ದುಡ್ಡಿಲ್ಲದೆ ಲೋಕಕ್ಕೆ ತೋರಿಸಬಹುದು.

ಕನ್ನಡವೇ ಬಂಡವಾಳ

ಗಡಿನಾಡಿನ ಮಕ್ಕಳ ಕೈಯಲ್ಲಿ ಇನ್ನೊಂದು ಬಂಡವಾಳವಿದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಕನ್ನಡ, ಮಲಯಾಳ ಎರಡರಲ್ಲೂ ಒಂದು ಪುಟವನ್ನು ತಪ್ಪಿಲ್ಲದೆ ಮಾಡಿ ತೋರಿಸುವುದು ಕೊಚ್ಚಿಯವರಿಗೂ ಬೆಂಗಳೂರಿನವರಿಗೂ ಅಷ್ಟು ಸುಲಭವಲ್ಲ.

ಇದು ಬರೀ ಭಾಷಾಂತರದ ಕೆಲಸವೂ ಅಲ್ಲ. ಇಂಗ್ಲಿಷ್ ಅಕ್ಷರಕ್ಕೆಂದು ಸಾಲುಗಳ ನಡುವೆ ಜಾಗ ಬಿಟ್ಟರೆ, 'ಜಿಲ್ಲೆ', 'ಕ್ಷೇತ್ರ' ಮುಂತಾದ ಪದಗಳ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಕೆಲವೊಮ್ಮೆ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸಬೇಕು. ನೋಟೊ ಸ್ಯಾನ್ಸ್ ಕನ್ನಡದಂಥ ಉಚಿತ ಅಕ್ಷರ ಬಳಸಬಹುದು. ಕನ್ನಡ ಬರಹವನ್ನು ಚಿತ್ರ ಮಾಡಿ ಅಂಟಿಸಿದರೆ ಗೂಗಲ್ ಹುಡುಕಾಟಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ತೊಡಕು.

ಊರಿನ ಯಕ್ಷಗಾನ ಸಂಘ, ಹೋಟೆಲು, ಗ್ರಂಥಾಲಯ ಯಾವುದಾದರೂ ಒಂದನ್ನು ಹಿಡಿದು, ಅವರ ಒಪ್ಪಿಗೆ ಕೇಳಿ ಎರಡು ಭಾಷೆಯಲ್ಲಿ ಪುಟ ಮಾಡಿಕೊಡಬಹುದು. ಮೊದಲು ಹೇಗಿತ್ತು, ಏನು ಸರಿಪಡಿಸಿದೆ, ಯಾಕೆ ಎಂದು ನಾಲ್ಕು ಸಾಲು ಬರೆದಿಟ್ಟರೆ ಪೋರ್ಟ್‌ಫೋಲಿಯೊದ ಮೊದಲ ಕೆಲಸ ತಯಾರು.

ಫೀಸು ಕಟ್ಟುವ ಮುನ್ನ

ಹಾಗೆಂದು ಕೋರ್ಸೇ ಬೇಡ ಎಂದಲ್ಲ. ಹೇಳಿಕೊಡುವವರಿದ್ದರೆ ಕಲಿಕೆ ಬೇಗ ಸಾಗುತ್ತದೆ, ತಪ್ಪು ತಿದ್ದಲು ಒಬ್ಬರಿರುತ್ತಾರೆ. ಆದರೆ ದುಡ್ಡು ಕೊಡುವ ಮುನ್ನ ಪೋಷಕರು ಮೂರು ಮಾತು ಕೇಳಲಿ. ಈ ಸರ್ಟಿಫಿಕೇಟಿಗೆ ಯಾರ ಮಾನ್ಯತೆ ಇದೆ? ಕೋರ್ಸ್ ಮುಗಿಯುವಾಗ ಮಗುವಿನ ಕೈಯಲ್ಲಿ ಸ್ವಂತದ ಎಷ್ಟು ಪುಟ ಇರುತ್ತವೆ? ಹಿಂದಿನ ಬ್ಯಾಚಿನವರು ಮಾಡಿದ ಕೆಲಸವನ್ನು ಈಗಲೇ ಮೊಬೈಲಿನಲ್ಲಿ ತೋರಿಸಬಹುದೇ?

ಮೂರನೆಯ ಪ್ರಶ್ನೆಗೆ ಉತ್ತರ ಕೊಡಲು ತಡವರಿಸಿದರೆ ಬಳೆ ಮನೆಯಲ್ಲೇ ಇರಲಿ. ಸರ್ಟಿಫಿಕೇಟ್ ಬಾಗಿಲ ತನಕ ಕರಕೊಂಡು ಹೋದೀತು. ಒಳಗೆ ಕೂರಿಸುವುದು ಮಾಡಿ ತೋರಿಸಿದ ಕೆಲಸ.