ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಕಾಲ್ನಡಿಗೆ ಸಂಚಾರ

ವಾಲ್ಟ್ ಡಿಸ್ನಿ ವರ್ಲ್ಡ್ ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ರಾಜ್ಯದಲ್ಲಿ, ಒರ್ಲಾಂಡೊ ನಗರದ ಸಮೀಪದಲ್ಲಿರುವ ಒಂದು ಬೃಹತ್ ವಿಹಾರಧಾಮ. 1971ರ ಅಕ್ಟೋಬರ್ 1ರಂದು ಆರಂಭವಾದ ಇದರ ವಿಸ್ತೀರ್ಣ ಸುಮಾರು 25,000 ಎಕರೆ, ಅಂದರೆ ಅಂದಾಜು 100 ಚದರ ಕಿ.ಮೀ. ಇಲ್ಲಿ ನಾಲ್ಕು ಥೀಮ್ ಪಾರ್ಕ್‌ಗಳು, ಎರಡು ಜಲೋದ್ಯಾನಗಳು, ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿ ಮತ್ತು ಮನರಂಜನೆಯ ಪ್ರದೇಶ ಹಾಗೂ ಇಪ್ಪತ್ತಕ್ಕೂ ಹೆಚ್ಚು ಹೋಟೆಲುಗಳಿವೆ. ಪ್ರತಿಯೊಂದು ಉದ್ಯಾನದ ಒಳಭಾಗವನ್ನು ನಡೆದು ನೋಡುವುದಕ್ಕೆಂದೇ ರೂಪಿಸಲಾಗಿದೆ. ಆದರೆ ಉದ್ಯಾನಗಳ ನಡುವಿನ ಭೂಮಿ ಹೆಚ್ಚಾಗಿ ಹೆದ್ದಾರಿ, ಕಾಡು ಮತ್ತು ಜೌಗು ಪ್ರದೇಶಗಳಿಂದ ಕೂಡಿದ್ದು, ಕೆಲವು ನಿರ್ದಿಷ್ಟ ಮಾರ್ಗಗಳನ್ನು ಬಿಟ್ಟರೆ ಅಲ್ಲಿ ಕಾಲ್ನಡಿಗೆಗೆ ಅವಕಾಶವಿಲ್ಲ. ಆದ್ದರಿಂದ ಈ ವಿಹಾರಧಾಮವು ನಡೆಯಬಲ್ಲ ಹಲವು ದ್ವೀಪಗಳ ಸಮೂಹದಂತಿದೆ.

ಹಿನ್ನೆಲೆ

ವಾಲ್ಟ್ ಡಿಸ್ನಿ 1960ರ ದಶಕದ ಮಧ್ಯಭಾಗದಲ್ಲಿ ಇಲ್ಲಿನ ಭೂಮಿಯನ್ನು ಖರೀದಿಸಿದಾಗ ಅವರ ಮುಖ್ಯ ಆಸಕ್ತಿ ಥೀಮ್ ಪಾರ್ಕ್ ಆಗಿರಲಿಲ್ಲ. ಎಪ್ಕಾಟ್ ಎಂಬ ಹೆಸರಿನಲ್ಲಿ ಸುಮಾರು 20,000 ಜನ ವಾಸಿಸುವ ಮಾದರಿ ನಗರವೊಂದನ್ನು ಕಟ್ಟುವುದು ಅವರ ಉದ್ದೇಶವಾಗಿತ್ತು. ಆ ನಗರದ ಯೋಜನೆಯಲ್ಲಿ ಪಾದಚಾರಿಗೆ ಮೊದಲ ಸ್ಥಾನವಿತ್ತು. ಕಾರು ಮತ್ತು ಲಾರಿಗಳು ನೆಲದಡಿಯ ರಸ್ತೆಗಳಲ್ಲಿ ಸಾಗಬೇಕಿತ್ತು. ಮೇಲಿನ ಬೀದಿಗಳು ನಡೆಯುವವರಿಗೆ ಮೀಸಲಾಗಿದ್ದವು. 1966ರ ಅಕ್ಟೋಬರ್‌ನಲ್ಲಿ ಚಿತ್ರೀಕರಿಸಲಾದ ಚಲನಚಿತ್ರವೊಂದರಲ್ಲಿ ಡಿಸ್ನಿ ಈ ಯೋಜನೆಯನ್ನು ಸ್ವತಃ ವಿವರಿಸಿದರು. ಅದೇ ವರ್ಷ ಡಿಸೆಂಬರ್ 15ರಂದು ಅವರು ನಿಧನರಾದರು.

ಅವರ ಸಹೋದರ ರಾಯ್ ಡಿಸ್ನಿಯವರ ನೇತೃತ್ವದಲ್ಲಿ ವಿಹಾರಧಾಮದ ನಿರ್ಮಾಣ ಮುಂದುವರಿಯಿತಾದರೂ ಮಾದರಿ ನಗರ ನಿರ್ಮಾಣವಾಗಲಿಲ್ಲ. 1982ರಲ್ಲಿ ಎಪ್ಕಾಟ್ ಎಂಬ ಹೆಸರಿನಲ್ಲಿ ತೆರೆದದ್ದು ಎರಡನೆಯ ಥೀಮ್ ಪಾರ್ಕ್. ಮೂಲ ಯೋಜನೆಯ ಮಾದರಿಯ ಒಂದು ಭಾಗವನ್ನು ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 1975ರಿಂದ ಓಡುತ್ತಿರುವ ಪೀಪಲ್‌ಮೂವರ್ ಎಂಬ ಸವಾರಿಯಿಂದ ಇಂದಿಗೂ ಕಾಣಬಹುದು. ಪಾದಚಾರಿಗಳನ್ನು ಮುಂದಿಟ್ಟು ಚಿಂತಿಸಿದ ಸ್ಥಳವು ಅಂತಿಮವಾಗಿ ರಸ್ತೆ ಮತ್ತು ಬಸ್ಸುಗಳನ್ನು ಅವಲಂಬಿಸಿ ಬೆಳೆಯಿತು.

ಉದ್ಯಾನಗಳ ಒಳಗಿನ ನಡಿಗೆ

ಮ್ಯಾಜಿಕ್ ಕಿಂಗ್‌ಡಮ್: ಈ ಉದ್ಯಾನದ ವಿನ್ಯಾಸ ಬಂಡಿಯ ಚಕ್ರವನ್ನು ಹೋಲುತ್ತದೆ. ಪ್ರವೇಶದ್ವಾರದಿಂದ ಮೇನ್ ಸ್ಟ್ರೀಟ್ ಎಂಬ ಒಂದೇ ಬೀದಿ ನಡುವಿನ ವೃತ್ತಕ್ಕೆ ಕರೆದೊಯ್ಯುತ್ತದೆ. ಅಲ್ಲಿಂದ ದಾರಿಗಳು ಚಕ್ರದ ಅರೆಕಾಲುಗಳಂತೆ ಬೇರೆ ಬೇರೆ ವಿಭಾಗಗಳಿಗೆ ಕವಲೊಡೆಯುತ್ತವೆ. ಬೀದಿಯ ಕೊನೆಯಲ್ಲಿ ಕಾಣುವ 189 ಅಡಿ ಎತ್ತರದ ಸಿಂಡ್ರೆಲಾ ಕೋಟೆಯು ನಡೆಯುವವರನ್ನು ಮುಂದಕ್ಕೆ ಸೆಳೆಯುವ ಗುರುತು. ಕಟ್ಟಡಗಳ ಮೇಲಿನ ಅಂತಸ್ತುಗಳನ್ನು ಕೆಳಗಿನವುಗಳಿಗಿಂತ ಚಿಕ್ಕದಾಗಿ ಕಟ್ಟಿರುವುದರಿಂದ ಅವು ಇರುವುದಕ್ಕಿಂತ ಎತ್ತರವಾಗಿ ತೋರುತ್ತವೆ.

ಇಲ್ಲಿ ಸಂದರ್ಶಕರು ನಡೆಯುವ ನೆಲವು ವಾಸ್ತವದಲ್ಲಿ ಎರಡನೆಯ ಅಂತಸ್ತು. ಅದರ ಕೆಳಗೆ ಸಿಬ್ಬಂದಿಯ ಓಡಾಟ, ಸರಕು ಸಾಗಣೆ ಮತ್ತು ಕಸ ವಿಲೇವಾರಿಗಾಗಿ ಸುರಂಗಮಾರ್ಗಗಳಿವೆ. ಅಂತರ್ಜಲ ಮೇಲ್ಮಟ್ಟದಲ್ಲಿರುವುದರಿಂದ ಸುರಂಗಗಳನ್ನು ಆಳಕ್ಕೆ ಅಗೆಯಲಾಗಲಿಲ್ಲ. ಅವುಗಳನ್ನು ನೆಲಮಟ್ಟದಲ್ಲಿಯೇ ಕಟ್ಟಿ, ಎದುರಿನ ಸೆವೆನ್ ಸೀಸ್ ಲಗೂನ್ ಎಂಬ ಕೃತಕ ಸರೋವರವನ್ನು ತೋಡಿದಾಗ ದೊರೆತ ಮಣ್ಣನ್ನು ಸುತ್ತಲೂ ತುಂಬಿ ಅದರ ಮೇಲೆ ಉದ್ಯಾನವನ್ನು ನಿರ್ಮಿಸಲಾಯಿತು.

ಎಪ್ಕಾಟ್: ಇಲ್ಲಿನ ವರ್ಲ್ಡ್ ಶೋಕೇಸ್ ಭಾಗದಲ್ಲಿ ಕೊಳವೊಂದರ ಸುತ್ತ ಹನ್ನೊಂದು ದೇಶಗಳನ್ನು ಪ್ರತಿನಿಧಿಸುವ ಕಟ್ಟಡ ಸಮೂಹಗಳಿವೆ. ಇದನ್ನು ಒಂದು ಸುತ್ತು ಹಾಕಲು ಸುಮಾರು 2 ಕಿ.ಮೀ. ನಡೆಯಬೇಕು. ಮೆಕ್ಸಿಕೊದಿಂದ ಆರಂಭಿಸಿದರೆ ನಾರ್ವೆ, ಚೀನಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕೊ, ಫ್ರಾನ್ಸ್ ಮತ್ತು ಬ್ರಿಟನ್‌ಗಳನ್ನು ದಾಟಿ ಕೆನಡಾ ತಲುಪಬಹುದು.

ಅನಿಮಲ್ ಕಿಂಗ್‌ಡಮ್: 1998ರ ಏಪ್ರಿಲ್ 22ರಂದು ತೆರೆದ ಈ ಉದ್ಯಾನ ನಾಲ್ಕರಲ್ಲಿ ವಿಸ್ತಾರದಲ್ಲಿ ದೊಡ್ಡದು. ಮರಗಳ ನಡುವೆ ಅಂಕುಡೊಂಕಾಗಿ ಸಾಗುವ ಇಲ್ಲಿನ ದಾರಿಗಳಲ್ಲಿ ಮುಂದಿನ ನೋಟ ಒಮ್ಮೆಲೇ ಕಾಣಸಿಗುವುದಿಲ್ಲ. ಏಷ್ಯಾ ವಿಭಾಗದಲ್ಲಿ ಆನಂದಪುರ ಎಂಬ ಸಂಸ್ಕೃತ ಹೆಸರಿನ ಕಾಲ್ಪನಿಕ ಊರಿದೆ. ಅಲ್ಲಿನ ಮಹಾರಾಜ ಜಂಗಲ್ ಟ್ರೆಕ್ ಪೂರ್ತಿ ಕಾಲ್ನಡಿಗೆಯ ಮಾರ್ಗವಾಗಿದ್ದು, ಭಾರತೀಯ ಶೈಲಿಯ ಪಾಳುಬಿದ್ದ ಅರಮನೆಯ ನಡುವೆ ಹುಲಿಗಳನ್ನು ಮತ್ತು ದೊಡ್ಡ ಬಾವಲಿಗಳನ್ನು ನೋಡಬಹುದು.

ಉದ್ಯಾನಗಳ ಹೊರಗಿನ ಮಾರ್ಗಗಳು

ಮ್ಯಾಜಿಕ್ ಕಿಂಗ್‌ಡಮ್‌ನ ವಾಹನ ನಿಲ್ದಾಣವು ಸರೋವರದ ಆಚೆ ದಡದಲ್ಲಿದೆ. ಅಲ್ಲಿಂದ ಬರುವವರು ಸಾಮಾನ್ಯವಾಗಿ ಮೊನೊರೈಲ್ ಅಥವಾ ದೋಣಿಯನ್ನು ಬಳಸುತ್ತಾರೆ. ಕಂಟೆಂಪೊರರಿ ಹೋಟೆಲಿನಿಂದ ಮಾತ್ರ ಸುಮಾರು ಹತ್ತು ನಿಮಿಷದಲ್ಲಿ ನಡೆದು ಉದ್ಯಾನವನ್ನು ತಲುಪುವ ಸೌಲಭ್ಯ ಮೊದಲಿನಿಂದ ಇತ್ತು. 2020ರಲ್ಲಿ ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲಿನಿಂದಲೂ ಪಾದಚಾರಿ ಮಾರ್ಗ ತೆರೆಯಿತು. ಇದರಲ್ಲಿ ಕಾಲುವೆಯ ಮೇಲೆ, ದೋಣಿಗಳಿಗೆ ದಾರಿ ಬಿಡಲು ಪಕ್ಕಕ್ಕೆ ಸರಿಯುವ ಸೇತುವೆಯಿದೆ. ಈ ಕೊಂಡಿಯಿಂದಾಗಿ ವಾಹನ ನಿಲ್ದಾಣದಿಂದ ಹೊರಟು, ಪಾಲಿನೇಷಿಯನ್ ಮತ್ತು ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲುಗಳ ಮೂಲಕ ಸರೋವರದ ದಡದಗುಂಟ ನಡೆದೇ ಉದ್ಯಾನವನ್ನು ಸೇರುವುದು ಸಾಧ್ಯವಾಯಿತು. ಇದಕ್ಕೆ ಸುಮಾರು ಮುಕ್ಕಾಲು ಗಂಟೆ ಬೇಕು.

ಒಂದು ಥೀಮ್ ಪಾರ್ಕಿನಿಂದ ಮತ್ತೊಂದಕ್ಕೆ ನಡೆದುಹೋಗಬಹುದಾದ ಮಾರ್ಗ ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ನಡುವೆ ಇದೆ. ವರ್ಲ್ಡ್ ಶೋಕೇಸ್‌ನಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ವಿಭಾಗಗಳ ನಡುವಿನ ಇಂಟರ್‌ನ್ಯಾಷನಲ್ ಗೇಟ್‌ವೇ ಎಂಬ ಹಿಂಬಾಗಿಲಿನಿಂದ ಹೊರಟರೆ ಬೋರ್ಡ್‌ವಾಕ್ ಹೋಟೆಲನ್ನು ಹಾದು, ಕಾಲುವೆಯ ಬದಿಯಲ್ಲಿ ಸಾಗಿ, ಸುಮಾರು ಅರ್ಧ ಗಂಟೆಯಲ್ಲಿ ಹಾಲಿವುಡ್ ಸ್ಟುಡಿಯೋಸ್ ತಲುಪಬಹುದು. ಇದೇ ಎರಡು ಉದ್ಯಾನಗಳನ್ನು ಕಾಲುವೆಯ ದೋಣಿಗಳು ಹಾಗೂ 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸ್ಕೈಲೈನರ್ ಎಂಬ ತಂತಿಮಾರ್ಗವೂ ಜೋಡಿಸುತ್ತವೆ.

ಇವಲ್ಲದೆ ಪಾಪ್ ಸೆಂಚುರಿ ಮತ್ತು ಆರ್ಟ್ ಆಫ್ ಆನಿಮೇಷನ್ ಹೋಟೆಲುಗಳನ್ನು ಕೆರೆಯೊಂದರ ಮೇಲಿನ ಸೇತುವೆ ಬೆಸೆಯುತ್ತದೆ. ಸರಟೋಗ ಸ್ಪ್ರಿಂಗ್ಸ್ ಹೋಟೆಲಿನಿಂದ ಡಿಸ್ನಿ ಸ್ಪ್ರಿಂಗ್ಸ್‌ಗೆ ನಡೆದುಹೋಗಬಹುದು. ವೈಲ್ಡರ್‌ನೆಸ್ ಲಾಡ್ಜ್ ಮತ್ತು ಫೋರ್ಟ್ ವೈಲ್ಡರ್‌ನೆಸ್ ಶಿಬಿರತಾಣದ ನಡುವೆ ಕಾಡಿನ ಕಾಲುದಾರಿಯಿದೆ.

ನಡಿಗೆಗೆ ನಿಲುಕದ ಸ್ಥಳಗಳು

ಅನಿಮಲ್ ಕಿಂಗ್‌ಡಮ್‌ಗೆ ಯಾವುದೇ ಹೋಟೆಲಿನಿಂದಲೂ ಪಾದಚಾರಿ ಮಾರ್ಗವಿಲ್ಲ. ಅದರದೇ ಹೆಸರನ್ನು ಹೊತ್ತ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿ ತಂಗಿದವರೂ ಬಸ್ಸನ್ನು ಅವಲಂಬಿಸಬೇಕು. ಮ್ಯಾಜಿಕ್ ಕಿಂಗ್‌ಡಮ್ ಮತ್ತು ಎಪ್ಕಾಟ್‌ಗಳ ನಡುವೆಯೂ ಕಾಲುದಾರಿಯಿಲ್ಲ. ಇದಕ್ಕೆ ದೂರವೊಂದೇ ಕಾರಣವಲ್ಲ. ವಿಹಾರಧಾಮದ ಒಳರಸ್ತೆಗಳಲ್ಲಿ ಹಲವು ವೇಗದ ವಾಹನ ಸಂಚಾರಕ್ಕೆಂದು ನಿರ್ಮಿತವಾಗಿದ್ದು, ಬಹುತೇಕ ಕಡೆ ಪಾದಚಾರಿ ಪಥವಿಲ್ಲ. ಭೂಮಿಯ ಸುಮಾರು ಮೂರನೇ ಒಂದು ಭಾಗ ಸಂರಕ್ಷಿತ ಪ್ರದೇಶವಾಗಿದೆ. ನಕ್ಷೆಯಲ್ಲಿ ಹತ್ತಿರ ಕಾಣುವ ಎರಡು ಸ್ಥಳಗಳ ನಡುವೆ ನೀರು, ಜೌಗು ಅಥವಾ ಹೆದ್ದಾರಿ ಇರಬಹುದಾದ್ದರಿಂದ ಗುರುತಿಸಿದ ಮಾರ್ಗವನ್ನು ಬಿಟ್ಟು ನಡೆಯುವುದು ಅಪಾಯಕರ.

ಹವಾಮಾನ ಮತ್ತು ಸುರಕ್ಷತೆ

ಮಧ್ಯ ಫ್ಲಾರಿಡಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಜೊತೆಗೆ ತೇವಾಂಶವೂ ಹೆಚ್ಚು. ಮಧ್ಯಾಹ್ನದ ನಂತರ ಗುಡುಗು ಸಹಿತ ಮಳೆ ಸಾಮಾನ್ಯ. ಸಿಡಿಲಿನ ಸಂದರ್ಭದಲ್ಲಿ ತೆರೆದ ಕಾಲುದಾರಿಗಳಲ್ಲಿ, ನೀರಿನ ಅಂಚಿನಲ್ಲಿ ನಿಲ್ಲದೆ ಕಟ್ಟಡದೊಳಗೆ ಆಶ್ರಯ ಪಡೆಯಬೇಕು. ದೀರ್ಘ ನಡಿಗೆಗೆ ಬೆಳಗಿನ ಮತ್ತು ಸಂಜೆಯ ಹೊತ್ತು ಅನುಕೂಲಕರ.

ಇಲ್ಲಿನ ಸರೋವರ, ಕಾಲುವೆಗಳು ಫ್ಲಾರಿಡಾದ ಸಹಜ ಜಲಪ್ರದೇಶದ ಭಾಗವಾಗಿದ್ದು ಅವುಗಳಲ್ಲಿ ಅಲಿಗೇಟರ್ ಜಾತಿಯ ಮೊಸಳೆಗಳು ವಾಸಿಸುತ್ತವೆ. 2016ರ ಜೂನ್‌ನಲ್ಲಿ ಸೆವೆನ್ ಸೀಸ್ ಲಗೂನ್ ದಡದಲ್ಲಿ ಎರಡು ವರ್ಷದ ಬಾಲಕನೊಬ್ಬ ಮೊಸಳೆಯ ದಾಳಿಗೆ ಬಲಿಯಾದನು. ಆ ಬಳಿಕ ದಡಗಳಲ್ಲಿ ತಡೆಬೇಲಿಗಳನ್ನೂ ಎಚ್ಚರಿಕೆಯ ಫಲಕಗಳನ್ನೂ ಹಾಕಲಾಯಿತು. ಅಲಂಕೃತ ಹೋಟೆಲುಗಳ ಅಂಗಳದಂತೆ ತೋರುವ ಈ ನೀರು ಕಾಡಿನ ನೀರೂ ಹೌದು ಎಂಬುದನ್ನು, ವಿಶೇಷವಾಗಿ ಮಕ್ಕಳೊಂದಿಗೆ ನಡೆಯುವವರು, ಮರೆಯಬಾರದು.

ನಡೆಯಲು ಕಷ್ಟವಾಗುವವರಿಗೆ ಗಾಲಿಕುರ್ಚಿಗಳು ಮತ್ತು ವಿದ್ಯುತ್ ಚಾಲಿತ ವಾಹನಗಳು ಬಾಡಿಗೆಗೆ ದೊರೆಯುತ್ತವೆ. 2019ರ ಮೇ ತಿಂಗಳಿನಿಂದ ಮಕ್ಕಳ ತಳ್ಳುಗಾಡಿಗಳು 31 ಅಂಗುಲ ಅಗಲ ಮತ್ತು 52 ಅಂಗುಲ ಉದ್ದವನ್ನು ಮೀರುವಂತಿಲ್ಲ.

ಮ್ಯಾರಥಾನ್

1994ರಲ್ಲಿ ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್ ಮ್ಯಾರಥಾನ್ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. 42.195 ಕಿ.ಮೀ. ದೂರದ ಈ ಓಟದ ಮಾರ್ಗವು ಉದ್ಯಾನಗಳ ಒಳಗಿನಿಂದಲೂ ಅವುಗಳನ್ನು ಜೋಡಿಸುವ ಹೆದ್ದಾರಿಗಳ ಮೇಲಿನಿಂದಲೂ ಹಾದುಹೋಗುತ್ತದೆ. ಉಳಿದ ದಿನಗಳಲ್ಲಿ ವಾಹನಗಳಿಗೆ ಮಾತ್ರ ಮೀಸಲಾದ ರಸ್ತೆಗಳ ಮೇಲೆ ಜನರು ಕಾಲಿಡಲು ಸಾಧ್ಯವಾಗುವುದು ಇಂತಹ ಓಟಗಳ ಬೆಳಗಿನ ಹೊತ್ತಿನಲ್ಲಿ.