ಮಳೆಗಾಲದಲ್ಲಿ ಮನೆಯೊಳಗೆ ಬಟ್ಟೆ ಒಣಗಿಸುವುದು: ಉಪ್ಪು, ಕೆಂಡ, ಹೀಟರ್, ಫ್ಯಾನ್‌ಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಜೀವಕ್ಕೆ ಅಪಾಯ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರಿಗೆ ಬಟ್ಟೆ ಒಣಗಿಸುವುದೂ ಒಂದು ಸಮಸ್ಯೆಯೇ ಎಂದು ನಗು ಬರಬಹುದು. ಏಪ್ರಿಲ್‌ನಲ್ಲಿ ಗೊರೇಬಾಳದ ಮಾಳಿಗೆ ಮೇಲೆ ಒಂದು ಸೀರೆ ಹರವಿ, ಕೆಳಗಿಳಿದು ಚಾ ಕುಡಿದು ಮತ್ತೆ ಹತ್ತುವಷ್ಟರಲ್ಲಿ ಅದು ಗರಿಗರಿಯಾಗಿರುತ್ತದೆ. ಆದರೆ ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದಾಗ ನೋಡಿ. ಸುತ್ತ ಕಾಲುವೆ ನೀರು ನಿಂತ ಭತ್ತದ ಗದ್ದೆ, ಮೇಲೆ ಮೋಡ, ಒಳಗೆ ತಂಪು ಹಿಡಿದ ಗೋಡೆ. ಮನೆಯಲ್ಲಿ ಬಾಣಂತಿ ಇದ್ದರಂತೂ ಕೂಸಿನ ಅರಿವೆಗಳು ದಿನಕ್ಕೆ ಇಪ್ಪತ್ತು. ಅವನ್ನು ಎಲ್ಲಿ ಹಾಕುವುದು?

ಇಂಥ ದಿನಗಳಲ್ಲೇ ಮೊಬೈಲಿಗೆ ಸಲಹೆಗಳು ಬರುತ್ತವೆ. ಮೂಲೆಯಲ್ಲಿ ಒಂದು ಬಟ್ಟಲು ಉಪ್ಪಿಡಿ, ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಕಿಟಕಿ ಬಾಗಿಲು ಮುಚ್ಚಿ, ಹೊರಗಿನ ಹಸಿ ಗಾಳಿ ಒಳಗೆ ಬಾರದಿರಲಿ. ಬುಟ್ಟಿ ಬೋರಲು ಹಾಕಿ ಕೆಳಗೆ ಕೆಂಡ ಇಡಿ, ಹೊಗೆ ಇಲ್ಲದಿದ್ದರೆ ತೊಂದರೆ ಇಲ್ಲ. ಇವುಗಳಲ್ಲಿ ಮೊದಲನೆಯದರಿಂದ ಲಾಭವಿಲ್ಲ. ಎರಡನೆಯದು ಬಹುತೇಕ ತಪ್ಪು. ಮೂರನೆಯದು ಮನೆಮಂದಿಯ ಜೀವವನ್ನೇ ತೆಗೆಯಬಲ್ಲದು. ಯಾಕೆ ಎಂದು ತಿಳಿಯಲು ಬಟ್ಟೆಯಲ್ಲಿರುವ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ನೋಡಬೇಕು.

ನೀರಿನ ಲೆಕ್ಕ

ಒಂದು ಸಣ್ಣ ಕುಟುಂಬದ ಒಂದು ಸಲದ ಬಟ್ಟೆ, ಒಣಗಿದ್ದಾಗ ನಾಲ್ಕು ಕಿಲೋ ಎಂದಿಟ್ಟುಕೊಳ್ಳಿ. ಕೈಯಲ್ಲಿ ಹಿಂಡಿದ ಹತ್ತಿ ಬಟ್ಟೆ ತನ್ನ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಅಂದರೆ ಸುಮಾರು ನಾಲ್ಕು ಲೀಟರ್. ನಂಬಿಕೆ ಬಾರದಿದ್ದರೆ ಒಂದು ಟವೆಲ್ಲನ್ನು ಒಣಗಿದ್ದಾಗ ಒಮ್ಮೆ, ಹಿಂಡಿದ ಮೇಲೆ ಒಮ್ಮೆ ತಕ್ಕಡಿಗೆ ಹಾಕಿ ನೋಡಿ. ಈ ನಾಲ್ಕು ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರಬೇಕು. ಗಾಳಿ ಎಷ್ಟು ಹಿಡಿಯುತ್ತದೆ ಎನ್ನುವುದು ಅದರ ಬಿಸಿ ಎಷ್ಟು, ಅದರಲ್ಲಿ ಈಗಾಗಲೇ ಎಷ್ಟು ತೇವವಿದೆ ಎನ್ನುವುದರ ಮೇಲಿದೆ.

40 ಡಿಗ್ರಿ ಬಿಸಿಲಿನಲ್ಲಿ, ತೇವಾಂಶ ಶೇ 25 ಇರುವ ಮಧ್ಯಾಹ್ನ, ಒಂದು ಘನ ಮೀಟರ್ ಗಾಳಿ ಇನ್ನೂ ಸುಮಾರು 38 ಗ್ರಾಂ ನೀರು ಹೀರಬಲ್ಲದು. ಅದೇ ಮಳೆ ಹಿಡಿದ ಸಂಜೆ 24 ಡಿಗ್ರಿ, ತೇವಾಂಶ ಶೇ 90 ಇದ್ದರೆ, ಅದೇ ಗಾಳಿ ಹೀರುವುದು ಎರಡು ಗ್ರಾಂ ಚಿಲ್ಲರೆ ಮಾತ್ರ. ಮಡಿಕೇರಿ, ಆಗುಂಬೆ ಕಡೆ ಜುಲೈನಲ್ಲಿ 19 ಡಿಗ್ರಿ, ಶೇ 95 ಎಂದರೆ ಒಂದು ಗ್ರಾಂ ಕೂಡ ಇಲ್ಲ. ಮಲೆನಾಡಿನಲ್ಲಿ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ ಎಂದು ದೂರುವುದು ಸುಮ್ಮನೆ ಅಲ್ಲ.

ಈಗ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆ ತೆಗೆದುಕೊಳ್ಳಿ. ಅದರೊಳಗೆ 28 ಘನ ಮೀಟರ್ ಗಾಳಿ ಇದೆ. ಆ ಮಳೆ ಸಂಜೆಯಲ್ಲಿ ಇಡೀ ಕೋಣೆಯ ಗಾಳಿ ಹೀರಬಲ್ಲ ನೀರು ಸುಮಾರು 60 ಗ್ರಾಂ, ಹೋಟೆಲಿನ ಸಣ್ಣ ಚಾ ಲೋಟದಷ್ಟು. ನಾಲ್ಕು ಲೀಟರ್ ಹೋಗಬೇಕೆಂದರೆ ಕೋಣೆಯ ಗಾಳಿ ಅರವತ್ತಕ್ಕೂ ಹೆಚ್ಚು ಸಲ ಬದಲಾಗಬೇಕು. ಕಿಟಕಿ ಮುಚ್ಚಿದರೆ? ಒಂದು ಲೋಟ ಆವಿಯಾದ ಮೇಲೆ ಕೆಲಸ ನಿಂತಂತೆಯೇ. ಮಿಕ್ಕದ್ದು ಬಟ್ಟೆಯಲ್ಲೇ ಉಳಿಯುತ್ತದೆ, ಇಲ್ಲವೇ ತಣ್ಣಗಿರುವ ಗೋಡೆಯ ಮೇಲೆ, ಕಪಾಟಿನ ಹಿಂದೆ ಕೂತು ಬೂಷ್ಟು ಬೆಳೆಸುತ್ತದೆ.

ಹೊರಗೆ ಮಳೆ ಬರುತ್ತಿರುವಾಗ ಕಿಟಕಿ ತೆರೆದರೆ ಇನ್ನಷ್ಟು ತೇವ ಒಳಗೆ ಬರುವುದಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಜನ ಇದ್ದು, ಅಡುಗೆ ಆಗಿ, ಮನೆಯ ಒಳಗು ಹೊರಗಿಗಿಂತ ಮೂರ್ನಾಲ್ಕು ಡಿಗ್ರಿ ಬೆಚ್ಚಗಿರುವುದು ಸಾಮಾನ್ಯ. ಹೊರಗಿನ ತಣ್ಣನೆ ಗಾಳಿ ಒಳಗೆ ಬಂದು ಬೆಚ್ಚಗಾದಾಗ ಅದರ ಹೀರುವ ಶಕ್ತಿ ಹೆಚ್ಚುತ್ತದೆ. 18 ಡಿಗ್ರಿಯ ಹಸಿ ಗಾಳಿ 23 ಡಿಗ್ರಿಗೆ ಬಂದರೆ ಘನ ಮೀಟರಿಗೆ ಆರು ಗ್ರಾಂನಷ್ಟು ಜಾಗ ಅದರಲ್ಲಿ ಹುಟ್ಟುತ್ತದೆ. ಎರಚಲು ಒಳಗೆ ಹೊಡೆಯದ ದಿಕ್ಕಿನ ಕಿಟಕಿ, ಅದಕ್ಕೆ ಎದುರಿನ ಬಾಗಿಲು, ಎರಡನ್ನೂ ಸ್ವಲ್ಪ ತೆರೆದಿಟ್ಟರೆ ಸಾಕು. ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ಅನುಕೂಲವಿದೆ. ಮಳೆ ದಿನದಲ್ಲೂ ಹೊತ್ತು ಏರಿದ ಮೇಲೆ ಗಾಳಿಯ ತೇವಾಂಶ ಇಳಿಯುತ್ತದೆ. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗಿನ ಹೊತ್ತನ್ನು ಬಿಡಬೇಡಿ. ಕತ್ತಲಾದ ಮೇಲೆ ಹೊರಗೆ ಬಿಟ್ಟ ಬಟ್ಟೆ ಇಬ್ಬನಿ ಕುಡಿದು ಮತ್ತೆ ಭಾರವಾಗುತ್ತದೆ.

ಉಪ್ಪಿನ ಬಟ್ಟಲು

ಉಪ್ಪು ತೇವ ಎಳೆದುಕೊಳ್ಳುತ್ತದೆ ಎನ್ನುವುದು ಸುಳ್ಳಲ್ಲ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವುದನ್ನು ಎಲ್ಲರೂ ನೋಡಿದ್ದೇವೆ. ತೇವಾಂಶ ಶೇ 75 ದಾಟಿದಾಗ ಅಡುಗೆ ಉಪ್ಪು ಗಾಳಿಯ ನೀರನ್ನು ಹಿಡಿಯಲು ಶುರು ಮಾಡುತ್ತದೆ. ಆದರೆ ಬಟ್ಟೆಯ ನಾಲ್ಕು ಲೀಟರ್ ನೀರು ಅದಕ್ಕೆ ಸೇರಬೇಕೆಂದರೆ ಒಂದು ಕಿಲೋಗೂ ಹೆಚ್ಚು ಉಪ್ಪು ಪೂರ್ತಿ ಕರಗಿ ಪಾತ್ರೆ ತುಂಬ ನೀರಾಗಬೇಕು, ಅದೂ ಬಹಳ ನಿಧಾನವಾಗಿ. ಬಟ್ಟಲ ತಳದಲ್ಲಿ ಒಂದಿಷ್ಟು ನೀರು ಕಂಡು ‘ಆಹಾ’ ಎನ್ನಬಹುದು, ಬಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ಇದನ್ನು ಫಾರ್ವರ್ಡ್ ಮಾಡಿದರೆ ಯಾರಿಗೂ ಹಾನಿಯಿಲ್ಲ. ಮುಂದಿನದು ಹಾಗಲ್ಲ.

ಹೊಗೆಯಿಲ್ಲದ ಕೆಂಡದ ಅಪಾಯ

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಬಿದಿರ ಗಳ ಕಟ್ಟಿ ಬಟ್ಟೆ ಹಾಕುವುದು ವಾಡಿಕೆ. ಬಟ್ಟೆಗೆ ಹೊಗೆ ವಾಸನೆ ಹಿಡಿದರೂ ಒಣಗುತ್ತದೆ, ಏಕೆಂದರೆ ಆ ಮನೆಗಳ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ನಮ್ಮ ಕಡೆಯ ಬಾಣಂತಿ ಕೋಣೆಯ ವಿಷಯ ಬೇರೆ. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಸಂದಿಗೆ ಅರಿವೆ ತುರುಕಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಲೋಬಾನ ಹಾಕಿ, ಅದೇ ಶಾಖಕ್ಕೆ ಬುಟ್ಟಿ ಬೋರಲು ಹಾಕಿ ಕೂಸಿನ ಅರಿವೆ ಹರವುತ್ತಾರೆ. ಇದನ್ನು ಮಾಡುವ ಅಜ್ಜಿಯ ಕಾಳಜಿಯಲ್ಲಿ ತಪ್ಪು ಹುಡುಕುವಂತಿಲ್ಲ. ಬಾಣಂತಿ ಬೆಚ್ಚಗಿರಬೇಕು, ಕೂಸಿಗೆ ಒಣ ಬಟ್ಟೆ ಬೇಕು, ಎರಡೂ ಸರಿ. ಅಪಾಯ ಇರುವುದು ಮುಚ್ಚಿದ ಕೋಣೆ ಮತ್ತು ಕೆಂಡ ಒಟ್ಟಿಗೆ ಸೇರಿದಾಗ.

ಹೊಗೆ ಅಡಗಿ ಕೆಂಪಗಾದ ಇದ್ದಿಲಿನಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ, ಕೆಮ್ಮು ತರಿಸುವುದಿಲ್ಲ. ಹೊಗೆ ಇದ್ದರೆ ಜನ ಎದ್ದು ಹೊರಗೆ ಹೋಗುತ್ತಾರೆ, ಇದು ಬಂದದ್ದೇ ಗೊತ್ತಾಗುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಮಲಗಿದಲ್ಲೇ ಪ್ರಜ್ಞೆ ತಪ್ಪುತ್ತಾರೆ. ಎಳೆ ಕೂಸುಗಳಿಗೆ, ಗರ್ಭಿಣಿಯರಿಗೆ, ರಕ್ತಹೀನತೆ ಇರುವವರಿಗೆ ಇದರ ಪೆಟ್ಟು ಇನ್ನೂ ಬೇಗ.

ಕೆಂಡವಿರುವ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಬಂದರೆ ದೃಷ್ಟಿ, ಪಿತ್ತ ಎಂದು ಕೂರಬೇಡಿ. ಬಾಗಿಲು ತೆರೆದು ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ, ಕೋಣೆಯಲ್ಲಿ ಕೆಂಡ ಇತ್ತು ಎಂದು ಆಸ್ಪತ್ರೆಯಲ್ಲಿ ಮರೆಯದೆ ಹೇಳಿ. ಕೂಸಿನ ಅರಿವೆಗೆ ಕೆಂಡದ ಶಾಖವೇ ಬೇಕೆಂದರೆ ಪಡಸಾಲೆಯಲ್ಲೋ, ತೆರೆದ ಕಟ್ಟೆಯ ಮೇಲೋ ಮಾಡಿ, ಯಾರಾದರೂ ಪಕ್ಕದಲ್ಲಿ ಕೂತಿರಿ. ಜನ ಮಲಗುವ ಕೋಣೆಗೆ ಕೆಂಡ ಬೇಡ. ಕಿಟಕಿ ಒಂದು ಬೆರಳಷ್ಟು ತೆರೆದಿದೆ ಎನ್ನುವ ಸಮಾಧಾನವೂ ಬೇಡ.

ಗ್ಯಾಸ್ ಒಲೆ ಹಚ್ಚಿ ಅದರ ಮೇಲೆ ಹಗ್ಗ ಕಟ್ಟುವವರೂ ಇದ್ದಾರೆ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಮನೆಯೊಳಗೇ ಹುಟ್ಟುತ್ತದೆ. ಕೋಣೆಯ ತೇವ ಹೆಚ್ಚಿಸುವುದಕ್ಕೆ ಸಿಲಿಂಡರ್ ಖಾಲಿ ಮಾಡಿದಂತೆ. ನೈಲಾನ್ ಸೀರೆಯ ಸೆರಗು ಜಾರಿ ಬಿದ್ದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಬಟ್ಟೆಯನ್ನು ಮೈಕ್ರೋವೇವ್‌ನಲ್ಲಿ ಇಡಿ ಎಂಬ ಸಲಹೆಗೂ ಅದೇ ಉತ್ತರ: ಗುಂಡಿ, ಜಿಪ್ ಕಿಡಿ ಹಾರಿಸುತ್ತವೆ, ಬಟ್ಟೆ ಹೊತ್ತಿಕೊಳ್ಳುತ್ತದೆ.

ಕರೆಂಟಿನ ಖರ್ಚು

ಒಂದು ಲೀಟರ್ ನೀರನ್ನು ಬರೀ ವಿದ್ಯುತ್ ಶಾಖದಿಂದ ಆವಿ ಮಾಡಲು ಕಡಿಮೆ ಎಂದರೂ ಸುಮಾರು 0.7 ಯೂನಿಟ್ ಬೇಕು. ಇದು ಪ್ರಕೃತಿಯ ಲೆಕ್ಕ, ಯಾವ ಕಂಪನಿಯೂ ಚೌಕಾಶಿ ಮಾಡಲಾಗದು. ನಾಲ್ಕು ಲೀಟರಿಗೆ ಹತ್ತಿರ ಹತ್ತಿರ ಮೂರು ಯೂನಿಟ್, ಅದೂ ಶಾಖವೆಲ್ಲ ಬಟ್ಟೆಗೇ ಹೋದರೆ. ರೂಮ್ ಹೀಟರ್‌ನ ಶಾಖ ಹೆಚ್ಚಾಗಿ ಗೋಡೆಗೂ ಸೂರಿಗೂ ಹೋಗುತ್ತದೆ. 2000 ವಾಟ್ ಹೀಟರ್ ಗಂಟೆಗೆ ಎರಡು ಯೂನಿಟ್ ತಿನ್ನುತ್ತದೆ, ದಿನಕ್ಕೆ ಎರಡು ಗಂಟೆ ಎಂದರೂ ತಿಂಗಳಿಗೆ 120.

2023ರಿಂದ ನಡೆಯುತ್ತಿರುವ ಗೃಹಜ್ಯೋತಿ ಯೋಜನೆಯವರು ಇಲ್ಲಿ ಎಚ್ಚರದಿಂದಿರಬೇಕು. ನಿಮಗೆ ನಿಗದಿಯಾದ ಯೂನಿಟ್‌ಗಿಂತ ಹೆಚ್ಚು ಬಳಸಿದರೆ ಆ ಹೆಚ್ಚಿನದಕ್ಕೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲೇ ನಿಮ್ಮದು. ಮಳೆಗಾಲದ ಒಂದು ತಿಂಗಳು ಹೀಟರ್ ಹಚ್ಚಿದ್ದಕ್ಕೆ ಫ್ಯಾನ್, ಬಲ್ಬು, ಟಿವಿಯ ಲೆಕ್ಕವೂ ಸೇರಿ ಬರುತ್ತದೆ.

ಅಗ್ಗದ ದಾರಿ ಎಂದರೆ ನೀರನ್ನು ಆವಿ ಮಾಡುವ ಮೊದಲೇ ಹಿಂಡಿ ತೆಗೆಯುವುದು. ಸೆಮಿ ಆಟೊಮ್ಯಾಟಿಕ್ ಮಷಿನ್‌ನ ಪಕ್ಕದ ಸಣ್ಣ ತೊಟ್ಟಿಗೆ ಎಲ್ಲರೂ ‘ಡ್ರೈಯರ್’ ಎನ್ನುತ್ತಾರೆ. ನಿಜದಲ್ಲಿ ಅದು ಒಣಗಿಸುವುದಿಲ್ಲ, ತಿರುಗಿಸಿ ಹಿಂಡುತ್ತದೆ. ಐದು ನಿಮಿಷ ತಿರುಗಿದರೆ ಖರ್ಚಾಗುವುದು ಒಂದು ಯೂನಿಟ್‌ನ ಐವತ್ತನೇ ಒಂದು ಭಾಗದಷ್ಟೂ ಅಲ್ಲ, ಹೊರಬರುವ ನೀರು ಲೀಟರ್‌ಗಟ್ಟಲೆ. ಕೈಯಲ್ಲಿ ಒಗೆಯುವವರು ಕೂಡ ಮಷಿನ್ ಇರುವ ಪಕ್ಕದ ಮನೆಯವರನ್ನು ಕೇಳಿ ಇದೊಂದಕ್ಕೆ ಬಳಸಿಕೊಂಡರೆ ಮಳೆಗಾಲದಲ್ಲಿ ದೊಡ್ಡ ಉಪಕಾರ. ಅದೂ ಇಲ್ಲದಿದ್ದರೆ ಹಿಂಡಿದ ಬಟ್ಟೆಯನ್ನು ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಮೇಲೆ ಹತ್ತಿ ತುಳಿಯಿರಿ. ಕೂಸಿನ ಅರಿವೆಗಳಿಗೆ ಇದು ಸುಲಭ.

ಆಮೇಲೆ ಫ್ಯಾನ್. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ಎಂದರೆ ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 18 ಯೂನಿಟ್, ಹೊಸ ಬಿಎಲ್‌ಡಿಸಿ ಫ್ಯಾನ್ ಆದರೆ ಏಳು ಚಿಲ್ಲರೆ. ಫ್ಯಾನ್ ಗಾಳಿಯನ್ನು ಬಿಸಿ ಮಾಡುವುದಿಲ್ಲ, ಬಟ್ಟೆಗೆ ಅಂಟಿಕೊಂಡಿರುವ ಹಸಿ ಗಾಳಿಯನ್ನು ದೂಡುತ್ತದೆ. ಸೂರಿನ ಫ್ಯಾನಿಗಿಂತ ಟೇಬಲ್ ಫ್ಯಾನನ್ನು ಬಟ್ಟೆಯ ಪಕ್ಕದಿಂದ, ತೆರೆದ ಕಿಟಕಿಯ ಕಡೆಗೆ ಬೀಸುವಂತೆ ಇಡುವುದು ಮೇಲು. ಒಂದೇ ಹಗ್ಗದ ಮೇಲೆ ಒಂದರ ಮೇಲೊಂದು ಹೇರಿದರೆ ಯಾವ ಫ್ಯಾನ್ ಏನು ಮಾಡೀತು? ಎರಡು ಹಗ್ಗ ಕಟ್ಟಿ, ನಡುವೆ ಒಂದು ಮೊಳ ಬಿಡಿ. ಜೀನ್ಸ್ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಜೇಬು ಹೊರಗೆಳೆದು, ಸೊಂಟ ಅಗಲಿಸಿ ಹಾಕಿ. ವಾರದ ರಾಶಿಯನ್ನು ಭಾನುವಾರ ಒಟ್ಟಿಗೆ ಒಗೆಯುವುದಕ್ಕಿಂತ ದಿನಕ್ಕೆ ನಾಲ್ಕು ಬಟ್ಟೆ ಒಗೆಯುವುದು ಈ ದಿನಗಳಲ್ಲಿ ಜಾಣತನ.

ಗಾಳಿಯಿಂದ ನೀರು ತೆಗೆಯುವ ಡಿಹ್ಯುಮಿಡಿಫೈಯರ್ ಎಂಬ ಯಂತ್ರ ನಿಜಕ್ಕೂ ಕೆಲಸ ಮಾಡುತ್ತದೆ, ಮಡಿಕೇರಿಯಂಥ ಕಡೆ ಕೊಳ್ಳುವುದರಲ್ಲಿ ಅರ್ಥವಿದೆ. ಅದಕ್ಕೆ ಮಾತ್ರ ಕಿಟಕಿ ಮುಚ್ಚಿರಬೇಕು. ವರ್ಷಕ್ಕೆ ಇಪ್ಪತ್ತು ದಿನದ ಕಷ್ಟಕ್ಕೆ ಸಿಂಧನೂರು ಕಡೆಯವರು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ.

ಒಳಗೆ ಒಣಗಿಸಿದರೆ ರೋಗ ಬರುತ್ತದೆಯೇ?

‘ಮನೆಯೊಳಗೆ ಬಟ್ಟೆ ಹಾಕಿದರೆ ನ್ಯುಮೋನಿಯಾ’ ಎನ್ನುವ ಮಾತು ಅತಿಯಾಯಿತು. ಬಟ್ಟೆಯಲ್ಲಿರುವುದು ನೀರು, ರೋಗವಲ್ಲ. ಆದರೆ ಆ ನೀರು ಹೊರಗೆ ಹೋಗದೆ ಗೋಡೆ ಹಸಿಯಾಗಿ ಬೂಷ್ಟು ಹಿಡಿದರೆ ಆಸ್ತಮಾ, ಉಬ್ಬಸ ಇರುವವರಿಗೆ ತೊಂದರೆ ಹೆಚ್ಚುತ್ತದೆ ಎನ್ನುವುದು ಖಚಿತ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ಬಗ್ಗೆಯೇ ಮಾರ್ಗಸೂಚಿ ಹೊರತಂದಿದೆ. ಗೋಡೆಗೆ ತಾಗಿಸಿ ಬಟ್ಟೆ ಹಾಕಬೇಡಿ, ಉಬ್ಬಸ ಇರುವವರು ಮಲಗುವ ಕೋಣೆಯಲ್ಲಂತೂ ಬೇಡ.

ಅರೆ ಒಣಗಿದ ಬಟ್ಟೆಯ ಆ ಮುಗ್ಗಲು ವಾಸನೆಗೂ ಕಾರಣ ಪತ್ತೆಯಾಗಿದೆ. ಜಪಾನಿನ ವಿಜ್ಞಾನಿಗಳು 2012ರಲ್ಲಿ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಕಡೆ ಬೆರಳು ತೋರಿಸಿದರು. ಬಟ್ಟೆ ಹೆಚ್ಚು ಹೊತ್ತು ಹಸಿಯಾಗಿದ್ದಷ್ಟೂ ಅದಕ್ಕೆ ಹಬ್ಬ. ಸೆಂಟು ಹಾಕಿದರೆ ಹೋಗುವುದಿಲ್ಲ, ಬಿಸಿನೀರಿನಲ್ಲಿ ಮತ್ತೆ ಒಗೆದು ಬೇಗ ಒಣಗಿಸಬೇಕು. ಒಳಉಡುಪನ್ನು ಹಸಿಯಾಗಿಯೇ ತೊಟ್ಟರೆ ತೊಡೆಸಂದಿಯಲ್ಲಿ ಗಜಕರ್ಣಕ್ಕೆ ಆಹ್ವಾನ ಕೊಟ್ಟಂತೆ. ಮಳೆಗಾಲದಲ್ಲಿ ಇಸ್ತ್ರಿ ಪೆಟ್ಟಿಗೆಯ ಮೊದಲ ಹಕ್ಕು ಅಂಗಿಗಲ್ಲ, ಒಳಉಡುಪಿಗೆ ಮತ್ತು ಕೂಸಿನ ಅರಿವೆಗೆ. ಮುಕ್ಕಾಲು ಒಣಗಿದ ಮೇಲೆ ಇಸ್ತ್ರಿ ಹಾಕಿದರೆ ಕರೆಂಟೂ ಕಡಿಮೆ.

ಇನ್ನು ಕೌದಿ. ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದ ಅದು ನೆಂದರೆ ಇಬ್ಬರು ಎತ್ತುವಷ್ಟು ಭಾರವಾಗುತ್ತದೆ, ಒಳಪದರದ ನೀರು ಯಾವ ಫ್ಯಾನಿಗೂ ಬೇಗ ಬಗ್ಗುವುದಿಲ್ಲ. ಮೋಡ ಇರುವ ವಾರದಲ್ಲಿ ಅದನ್ನು ನೀರಿಗೆ ಹಾಕಬೇಡಿ. ಬಿಸಿಲು ಬಿದ್ದ ದಿನ ಎರಡೂ ಮಗ್ಗುಲು ಮಾಳಿಗೆ ಮೇಲೆ ಕಾಯಿಸಿ, ಒಗೆಯುವುದನ್ನು ಮಳೆ ಹೋದ ಮೇಲೆ ನೋಡಿಕೊಳ್ಳಿ.